ಲಗೇಜ್ ಡಬ್ಬಿಯಲ್ಲಿ ಬ್ಲೂಸ್

ಡೊಂಬಿವಲಿ ಪೂರ್ವದಲ್ಲಿ ಮನೆ, ಮಹಾಪೆಯ ಕೈಗಾರಿಕಾ ಪ್ರದೇಶದಲ್ಲಿ ಲೆಕ್ಕಪತ್ರದ ನೌಕರಿ, ಶನಿವಾರ ರಾತ್ರಿ ವಾಶಿಯಲ್ಲೋ ಠಾಣೆಯಲ್ಲೋ ಬಾಂದ್ರಾದಲ್ಲೋ ಕೀಬೋರ್ಡ್. ನಾನಿರುವ ಬ್ಯಾಂಡು ನುಡಿಸುವುದು ಬ್ಲೂಸ್. ಊರಿಗೆ ಹೋದಾಗ ಇದನ್ನು ವಿವರಿಸುವುದು ಸುಲಭವಲ್ಲ. "ಆರ್ಕೆಸ್ಟ್ರಾ ಅಲ್ದಾ?" ಎಂದು ಕುಂದಾಪುರದ ಚಿಕ್ಕಮ್ಮ ಕೇಳಿದರು. ಹೆಚ್ಚುಕಡಿಮೆ ಅದೇ ಎಂದೆ. "ಹಂಗಾರೆ ಒಂದ್ ರಾಜನ್-ನಾಗೇಂದ್ರಂದು ಬಾರ್ಸ್, ಕಾಂಬ" ಎಂದರು. ಬಾರಿಸಿದೆ. ಅವರ ಮಟ್ಟಿಗೆ ವಿಷಯ ಅಲ್ಲಿಗೆ ಮುಗಿಯಿತು. ಓದುಗರಿಗೆ ಇನ್ನೂ ಸ್ವಲ್ಪ ಹೇಳಬೇಕು.

ಬ್ಲೂಸ್ ಹುಟ್ಟಿದ್ದು ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ, 19ನೇ ಶತಮಾನದ ಕೊನೆಯ ಹೊತ್ತಿಗೆ. ಗುಲಾಮಗಿರಿ ಕಾನೂನಿನಲ್ಲಿ ಹೋಗಿತ್ತು, ಬದುಕಿನಲ್ಲಿ ಹೋಗಿರಲಿಲ್ಲ. ಹತ್ತಿಯ ಹೊಲ, ಮರದ ಕೊಯ್ಲು, ರೈಲು ಹಳಿಯ ಕೆಲಸ ಮಾಡುತ್ತಿದ್ದ ಆಫ್ರಿಕನ್ ಮೂಲದ ಜನ ಕಟ್ಟಿಕೊಂಡ ಹಾಡು ಇದು. 1912ರಲ್ಲಿ ಡಬ್ಲ್ಯು. ಸಿ. ಹ್ಯಾಂಡಿ 'ಮೆಂಫಿಸ್ ಬ್ಲೂಸ್' ಎಂಬ ರಚನೆಯನ್ನು ಅಚ್ಚು ಹಾಕಿಸಿದರು. 1920ರಲ್ಲಿ ಮೇಮಿ ಸ್ಮಿತ್ ಹಾಡಿದ 'ಕ್ರೇಜಿ ಬ್ಲೂಸ್' ಪ್ಲೇಟು ಬಂದಾಗ ಧ್ವನಿಮುದ್ರಣ ಕಂಪನಿಗಳಿಗೆ ಇಲ್ಲೊಂದು ಮಾರುಕಟ್ಟೆ ಇದೆ ಎಂದು ಗೊತ್ತಾಯಿತು. ರಾಕ್ ಅಂಡ್ ರೋಲ್ ಇದರ ಮಗ. ರೋಲಿಂಗ್ ಸ್ಟೋನ್ಸ್ ತಮ್ಮ ಹೆಸರನ್ನೇ ಮಡ್ಡಿ ವಾಟರ್ಸ್‌ನ ಒಂದು ಹಾಡಿನಿಂದ ಎತ್ತಿಕೊಂಡವರು.

ಸಂಗೀತ ಸ್ವಲ್ಪ ಬಲ್ಲವರಿಗೆ ಇದರ ಕಟ್ಟಡ ಐದು ನಿಮಿಷದಲ್ಲಿ ತಿಳಿಯುತ್ತದೆ. ನಮ್ಮ ತಾಳಕ್ಕೆ ಆವರ್ತ ಇರುವಂತೆ ಬ್ಲೂಸಿಗೂ ಒಂದು ಸುತ್ತು ಇದೆ. ನಾಲ್ಕು ಮಾತ್ರೆಯ 12 ಖಂಡ, ಒಟ್ಟು 48 ಮಾತ್ರೆ. ಮೊದಲ ನಾಲ್ಕು ಖಂಡ ಷಡ್ಜದ ಆಸರೆಯಲ್ಲಿ ನಿಲ್ಲುತ್ತದೆ. ಮುಂದಿನ ಎರಡು ಮಧ್ಯಮಕ್ಕೆ ಹೋಗುತ್ತದೆ, ಮತ್ತೆ ಎರಡು ಷಡ್ಜಕ್ಕೆ ಬರುತ್ತದೆ. ಆಮೇಲೆ ಪಂಚಮದಲ್ಲಿ ಒಂದು, ಮಧ್ಯಮದಲ್ಲಿ ಒಂದು, ಕೊನೆಯ ಎರಡು ಷಡ್ಜ. ಅಷ್ಟೇ. ಹಾಡುವವರು ಒಂದು ಸಾಲು ಹೇಳುತ್ತಾರೆ, ಅದನ್ನೇ ಮತ್ತೊಮ್ಮೆ ಹೇಳುತ್ತಾರೆ, ಮೂರನೆಯ ಸಾಲಿನಲ್ಲಿ ಉತ್ತರವೋ ಪೆಟ್ಟೋ ಇರುತ್ತದೆ. ಬಾಡಿಗೆ ಕೊಡಲು ದುಡ್ಡಿಲ್ಲ, ರೈಲು ತಪ್ಪಿತು, ಹೆಂಡತಿ ಬಿಟ್ಟುಹೋದಳು, ಯಜಮಾನ ಬೈದ: ವಿಷಯಗಳು ಇಂಥವು. ಡೊಂಬಿವಲಿಯ ಪ್ಲಾಟ್‌ಫಾರ್ಮಿನ ಮೇಲೆ ನಿಂತವರಿಗೆ ಇದರಲ್ಲಿ ಪರಕೀಯವಾದದ್ದು ಭಾಷೆ ಮಾತ್ರ.

ಬ್ಲೂಸಿನ ನಿಜವಾದ ಗುಟ್ಟು ಗಾಂಧಾರದಲ್ಲಿದೆ. ಅದು ಕೋಮಲವೂ ಅಲ್ಲ, ಶುದ್ಧವೂ ಅಲ್ಲ, ಎರಡರ ನಡುವೆ ಎಲ್ಲೋ ನರಳುತ್ತಿರುತ್ತದೆ. ಜೋಗ್ ರಾಗ ಕೇಳಿದವರಿಗೆ ಎರಡೂ ಗಾಂಧಾರಗಳ ಆ ಎಳೆತ ಗೊತ್ತು, ಜೊತೆಗೆ ಕೋಮಲ ನಿಷಾದವೂ ಸೇರಿದರೆ ಬ್ಲೂಸಿನ ಬಾಗಿಲಿಗೇ ಬಂದಂತೆ. ಗಿಟಾರಿನವನು ತಂತಿಯನ್ನು ಬೆರಳಿನಿಂದ ತಳ್ಳಿ ಆ ಸ್ವರಕ್ಕೆ ಹೋಗುತ್ತಾನೆ. ಮೌತ್ ಆರ್ಗನ್ನಿನವನು ಉಸಿರು ತಿರುಚಿ ಹೋಗುತ್ತಾನೆ. ಗಂಟಲಿಗಂತೂ ಅಡ್ಡಿಯೇ ಇಲ್ಲ. ಕೀಬೋರ್ಡಿನವನಿಗೆ ಆ ಸ್ವರ ಇಲ್ಲವೇ ಇಲ್ಲ. ಒಂದು ಕರಿ ಪಟ್ಟಿ, ಪಕ್ಕದಲ್ಲಿ ಒಂದು ಬಿಳಿ ಪಟ್ಟಿ, ನಡುವೆ ಒಂದು ಸೀಳು.

ಹಾಗಾಗಿ ನಾವು ಒಂದು ಉಪಾಯ ಮಾಡುತ್ತೇವೆ. ಕರಿ ಪಟ್ಟಿಯನ್ನು ಒತ್ತಿ ಅದೇ ಬೆರಳನ್ನು ಬಿಳಿಗೆ ಜಾರಿಸುತ್ತೇವೆ, ಅಥವಾ ಎರಡನ್ನೂ ಕೂಡಿಯೇ ಜಜ್ಜುತ್ತೇವೆ. ಕಿವಿ ಮೋಸಹೋಗಿ ನಡುವಿನ ಸ್ವರವನ್ನು ತಾನೇ ಕಲ್ಪಿಸಿಕೊಳ್ಳುತ್ತದೆ. ಇದು ಸಿ, ಎಫ್, ಜಿ ಶ್ರುತಿಗಳಲ್ಲಿ ಸಲೀಸು, ಏಕೆಂದರೆ ಅಲ್ಲೆಲ್ಲ ಕೋಮಲ ಗಾಂಧಾರ ಕರಿ, ಶುದ್ಧ ಗಾಂಧಾರ ಬಿಳಿ. ಕರಿಯಿಂದ ಬಿಳಿಗೆ ಬೆರಳು ಇಳಿಯುತ್ತದೆ. ಆದರೆ ಗಿಟಾರಿನವರಿಗೆ ಬೇಕಾದದ್ದು ಇ ಮತ್ತು ಎ, ಅವರ ಬಿಡಿ ತಂತಿಗಳ ಶ್ರುತಿ. ಅಲ್ಲಿ ಲೆಕ್ಕ ತಿರುಗಾಮುರುಗಾ: ಬಿಳಿಯಿಂದ ಕರಿಗೆ ಹತ್ತಬೇಕು, ಬೆರಳು ಜಾರುವುದಿಲ್ಲ. ಯಾವ ಬ್ಲೂಸ್ ಬ್ಯಾಂಡಿನ ಒಳಜಗಳವನ್ನು ಕೆದಕಿದರೂ ತಳದಲ್ಲಿ ಇದೇ ಸಿಗುತ್ತದೆ. ಗಿಟಾರಿನವನು ಮುಂದೆ ನಿಲ್ಲುವುದರಿಂದ ಸಾಮಾನ್ಯವಾಗಿ ಅವನೇ ಗೆಲ್ಲುತ್ತಾನೆ.

ಎರಡು ಪಟ್ಟಿಗಳ ನಡುವಿನ ಈ ಸ್ವರವನ್ನು ಮನೆ ಮತ್ತು ವೇದಿಕೆಗೆ ಹೋಲಿಸಿ ಭಾಷಣ ಮಾಡಬಹುದು. ನಮ್ಮ ಡ್ರಮ್ಮರ್ ಮಾಡುತ್ತಾನೆ. ನನಗೆ ಆ ಚಪಲವಿಲ್ಲ.

ಇಲ್ಲದ ಸ್ವರದ ಈ ಸಂಕಟ ನನಗೆ ಹೊಸದಾಗಿರಲಿಲ್ಲ, ಏಕೆಂದರೆ ನಾನು ಬಂದದ್ದು ಹಾರ್ಮೋನಿಯಂ ಕಡೆಯಿಂದ. ಮುಂಬೈ ಕಡೆಯ ಕರಾವಳಿ ಕನ್ನಡಿಗರಿಗೆ ಶನಿಮಹಾತ್ಮೆ ಪೂಜೆ ಎಂದರೆ ಏನೆಂದು ಹೇಳಬೇಕಾಗಿಲ್ಲ. ಗ್ರಂಥ ಪಾರಾಯಣ, ಭಜನೆ, ಕೊನೆಯಲ್ಲಿ ಊಟ. ಅಪ್ಪ ಭಜನೆಗೆ ತಾಳ ಹಾಕುತ್ತಿದ್ದರು, ನನ್ನನ್ನು ಪೇಟಿಯ ಮುಂದೆ ಕೂರಿಸಿದರು. ಭಜನೆಯ ಪೇಟಿಯವನಿಗೆ ಒಂದೇ ನಿಯಮ: ಹಾಡುವವರು ಯಾವ ಶ್ರುತಿಯಲ್ಲಿ ಎತ್ತಿದರೂ, ಎರಡನೆಯ ಚರಣಕ್ಕೆ ಅವರು ಬೇರೆ ಶ್ರುತಿಗೆ ಸರಿದರೂ, ಮುಖ ಕೆಡಿಸದೆ ಹಿಂದೆ ಹೋಗಬೇಕು. ಬ್ಯಾಂಡಿನಲ್ಲಿ ನನಗೆ ಇವತ್ತಿಗೂ ಕೂಲಿ ಸಿಗುತ್ತಿರುವುದು ಅಲ್ಲಿ ಕಲಿತ ಈ ವಿದ್ಯೆಗೆ.

ಪಟ್ಟಿ ವಾದ್ಯಗಳ ಮೇಲಿನ ತಾತ್ಸಾರವೂ ಹಳೆಯದು. ಮೀಂಡ್ ಬರುವುದಿಲ್ಲ, ಗಮಕ ಬರುವುದಿಲ್ಲ, ಶ್ರುತಿಗಳು ನೆಟ್ಟಗಿಲ್ಲ ಎಂದು ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಅನ್ನು ಹೊರಗೆ ಹಾಕಿತು. ಅದು ಮತ್ತೆ ಒಳಗೆ ಬರಲು 1971 ಆಗಬೇಕಾಯಿತು. ಅಷ್ಟೂ ಕಾಲ ಬೆಳಗಾವಿಯ ರಾಮಭಾವು ಬಿಜಾಪುರೆಯವರಂಥವರು ಅದೇ ಪೇಟಿಯಿಂದ ಏನು ಹೊರಡಿಸುತ್ತಿದ್ದರು ಎಂಬುದನ್ನು ಕೇಳಿದವರು, ಆ ನಿಷೇಧದ ಬಗ್ಗೆ ನಗುವುದೋ ಅಳುವುದೋ ಎಂದು ಯೋಚಿಸಬೇಕು. ಇಲ್ಲದ ಸ್ವರವನ್ನು ಇದ್ದಂತೆ ಕೇಳಿಸುವುದು ಎಲ್ಲ ಪೇಟಿಯವರ ಕಸುಬು, ದರ್ಬಾರಿಯ ಗಾಂಧಾರವಿರಲಿ ಬ್ಲೂಸಿನ ಗಾಂಧಾರವಿರಲಿ.

ಬ್ಲೂಸ್ ಸಿಕ್ಕಿದ್ದು ಕಾಲೇಜಿನ ದಿನಗಳಲ್ಲಿ, ಕಲ್ಯಾಣದ ರೈಲ್ವೆ ಕಾಲೊನಿಯ ಗೆಳೆಯನೊಬ್ಬನ ಮನೆಯಲ್ಲಿ. ಅವರ ಮನೆಯಲ್ಲಿ ಭಾನುವಾರ ಚರ್ಚಿನಿಂದ ಬಂದ ಮೇಲೆ ಕ್ಯಾಸೆಟ್ ಹಾಕುವ ರೂಢಿ. ಆ ದಿನ ಹಾಕಿದ್ದು ಮಡ್ಡಿ ವಾಟರ್ಸ್‌ನ 1960ರ ನ್ಯೂಪೋರ್ಟ್ ಕಛೇರಿ. ಎಲ್ಲರೂ ಹಾಡುಗಾರನ ಗುಡುಗಿಗೆ ತಲೆದೂಗುತ್ತಿದ್ದರು. ನನ್ನ ಕಿವಿ ಹಿಂದೆ ಕೂತಿದ್ದ ಪಿಯಾನೊದವನ ಮೇಲೆ. ಅವನು ಹಾಡಿನ ಸಂದಿಗಳಲ್ಲಿ ಮಾತ್ರ ಬಾಯಿ ಹಾಕುತ್ತಿದ್ದ. ಹೆಸರು ಓಟಿಸ್ ಸ್ಪ್ಯಾನ್. ಅವನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಪಿಯಾನೊ ಬ್ಲೂಸಿಗೂ ರೈಲಿಗೂ ಇರುವ ನಂಟು ಗೊತ್ತಾದದ್ದು ಇನ್ನೂ ತಡವಾಗಿ. ಟೆಕ್ಸಾಸ್, ಲೂಸಿಯಾನಾ ಕಡೆ ಮರ ಕಡಿಯುವ ಶಿಬಿರಗಳಲ್ಲಿ ಕಂಪನಿಯವರೇ ಒಂದು ಕೊಟ್ಟಿಗೆ ಕಟ್ಟಿ, ಹೆಂಡದ ಪೀಪಾಯಿಗಳ ಜೊತೆ ಒಂದು ಹಳೆಯ ಪಿಯಾನೊ ಇಡುತ್ತಿದ್ದರು. ನುಡಿಸುವವರು ಶಿಬಿರದಿಂದ ಶಿಬಿರಕ್ಕೆ ಮರ ಸಾಗಿಸುವ ರೈಲಿನಲ್ಲೇ ಹೋಗುತ್ತಿದ್ದರು. ಬೂಗಿ-ವೂಗಿ ಶೈಲಿಯಲ್ಲಿ ಎಡಗೈ ನಿಲ್ಲದೆ ಉರುಳುತ್ತದಲ್ಲ, ಅದು ಆ ಗಾಲಿಗಳ ಸದ್ದು ಎಂದು ಹಳಬರು ಹೇಳುತ್ತಾರೆ. ಮೀಡ್ ಲಕ್ಸ್ ಲೂಯಿಸ್ 1927ರಲ್ಲಿ ಮುದ್ರಿಸಿದ 'ಹಾಂಕಿ ಟಾಂಕ್ ಟ್ರೇನ್ ಬ್ಲೂಸ್' ಕೇಳಿದರೆ ಅನುಮಾನ ಉಳಿಯುವುದಿಲ್ಲ. ಠಾಕುರ್ಲಿ ದಾಟುವಾಗ ನಮ್ಮ ಲೋಕಲ್ ಹಳಿ ಬದಲಿಸುವ ಸದ್ದನ್ನು ನಾನು ಎಡಗೈಗೆ ಇಳಿಸಲು ನೋಡಿದ್ದೇನೆ. ಹೆಚ್ಚು ಫಲ ಸಿಗಲಿಲ್ಲ. ನಮ್ಮ ಗಾಡಿಗಳಿಗೆ ಉಗಿ ಇಲ್ಲ, ಜನ ಮಾತ್ರ ಇದ್ದಾರೆ.

ನಮ್ಮ ಕಡೆಯ ರೈಲು ಬ್ಲೂಸಿಗೆ ಕೊಟ್ಟದ್ದು ಬೇರೆ: ಲಗೇಜ್ ಡಬ್ಬಿ. ಮಾಮೂಲಿ ಡಬ್ಬಿಯಲ್ಲಿ ಕೀಬೋರ್ಡ್ ಚೀಲ ಹೊತ್ತು ಹತ್ತುವುದು ಶನಿವಾರ ಸಂಜೆಯೂ ಹುಚ್ಚುತನ. ಮಾರಾಟದವರಿಗೆಂದು ಇರುವ ಡಬ್ಬಿಯಲ್ಲಿ ನಿಂತರೆ ಹೂವಿನ ಗಂಟು, ಖಾಲಿ ಮೀನಬುಟ್ಟಿ, ಸೊಪ್ಪಿನ ಮೂಟೆ, ಅವುಗಳ ನಡುವೆ ನಾನು. "ಪೇಟಿ ಆಹೇ ಕಾ?" ಎಂದು ಬುಟ್ಟಿಯ ಮೌಶಿ ಕೇಳುತ್ತಾರೆ. ಹೌದು, ಪೇಟಿಯೇ ಎನ್ನುತ್ತೇನೆ. ಅದಕ್ಕಾಗಿ ಒಂದು ಬುಟ್ಟಿ ಪಕ್ಕಕ್ಕೆ ಸರಿಯುತ್ತದೆ. ಗಿಟಾರಿಗೆ ಈ ಮರ್ಯಾದೆ ಸಿಗುವುದನ್ನು ನಾನು ಕಂಡಿಲ್ಲ.

ಪೇಟಿ ಈಗ ಹಗುರವಾಗಿದೆ, ಅದೇ ಪುಣ್ಯ. ಬ್ಲೂಸ್ ಬ್ಯಾಂಡುಗಳಲ್ಲಿ ಪಿಯಾನೊದಷ್ಟೇ ಬೇಕಾದ ಇನ್ನೊಂದು ದನಿ ಹ್ಯಾಮಂಡ್ ಆರ್ಗನ್. ಲಾರೆನ್ಸ್ ಹ್ಯಾಮಂಡ್ ಎಂಬ ಎಂಜಿನಿಯರ್ 1935ರಲ್ಲಿ ಮಾರುಕಟ್ಟೆಗೆ ತಂದ ಯಂತ್ರ ಅದು. ಒಳಗೆ ಮೋಟಾರಿನಿಂದ ತಿರುಗುವ ಹಲ್ಲುಚಕ್ರಗಳು, ಪ್ರತಿ ಚಕ್ರದ ಎದುರು ಒಂದು ಕಾಂತ, ಅದರಿಂದ ಹುಟ್ಟುವ ಸ್ವರ. ಪಟ್ಟಿಗಳ ಮೇಲೆ ಎಳೆಯುವ ಕಡ್ಡಿಗಳಿರುತ್ತವೆ, ಒಂದೊಂದು ಗುಂಪಿನಲ್ಲಿ ಒಂಬತ್ತು. ಯಾವುದನ್ನು ಎಷ್ಟು ಎಳೆದಿರಿ ಎಂಬುದರ ಮೇಲೆ ದನಿಯ ಬಣ್ಣ. ಚರ್ಚುಗಳಿಗೆ ಅಗ್ಗದ ಆರ್ಗನ್ ಬೇಕೆಂದು ಮಾಡಿದ್ದು, ಚರ್ಚಿನಿಂದ ಹೆಂಡದಂಗಡಿಗೆ ತಾನಾಗಿ ನಡೆದುಹೋಯಿತು. ಆದರೆ ಬಿ-3 ಎಂಬ ಹೆಸರಾಂತ ಮಾದರಿ, ಕಾಲ್ಮಣೆ, ಬೆಂಚು ಸೇರಿ ಸುಮಾರು 200 ಕಿಲೊ ತೂಗುತ್ತದೆ. ಅದರ ದನಿಯನ್ನು ಗಿರಗಿರ ತಿರುಗಿಸುವ ಲೆಸ್ಲಿ ಸ್ಪೀಕರ್ ಬೇರೆ. ನನ್ನ ಕೆಂಪು ಸ್ವೀಡಿಷ್ ಕೀಬೋರ್ಡು ಇದೆಲ್ಲವನ್ನೂ ಚಿಪ್ಪಿನೊಳಗೆ ಅನುಕರಿಸುತ್ತದೆ, ಹೆಗಲಿಗೆ ಹಾಕಿಕೊಂಡು ಸೇತುವೆ ಹತ್ತಬಹುದು. ಅದನ್ನು ಸೆಕೆಂಡ್ ಹ್ಯಾಂಡ್ ಕೊಂಡ ವರ್ಷ ಮನೆಗೆ ಬರಬೇಕಿದ್ದ ದೊಡ್ಡ ಫ್ರಿಜ್ ಬರಲಿಲ್ಲ. ಈ ಮಾತು ಈಗಲೂ ವರ್ಷಕ್ಕೊಮ್ಮೆ, ಮಾವಿನ ಹಣ್ಣಿನ ಕಾಲದಲ್ಲಿ, ಏಳುತ್ತದೆ.

ಮುಂಬೈಗೆ ಈ ಸಂಗೀತ ನಿನ್ನೆ ಮೊನ್ನೆ ಬಂದದ್ದಲ್ಲ. 1930ರ ದಶಕದಲ್ಲೇ ತಾಜ್ ಹೋಟೆಲಿನಲ್ಲಿ ಅಮೆರಿಕದ ಕಪ್ಪು ಕಲಾವಿದರ ಜಾಝ್ ತಂಡಗಳು ನುಡಿಸುತ್ತಿದ್ದವು. ಅವರಲ್ಲಿ ಟೆಡ್ಡಿ ವೆದರ್‌ಫರ್ಡ್ ಎಂಬ ಪಿಯಾನೊ ವಾದಕ. 1920ರ ದಶಕದ ಷಿಕಾಗೊದಲ್ಲಿ ಹೆಸರು ಮಾಡಿದ್ದವನು ಹಡಗು ಹತ್ತಿ ಶಾಂಘೈ ಸೇರಿ, ಅಲ್ಲಿಂದ ಬೊಂಬಾಯಿಗೆ ಬಂದು, ಯುದ್ಧದ ಕಾಲಕ್ಕೆ ಕಲ್ಕತ್ತೆಯಲ್ಲಿ ನೆಲೆಸಿದ. 1945ರಲ್ಲಿ ಅಲ್ಲೇ ಕಾಲರಾದಿಂದ ತೀರಿಕೊಂಡ. ಊರು ತಿರುಗುವ ಪಿಯಾನೊದವರ ಕಥೆ ಹೀಗೆ ಎಲ್ಲೆಲ್ಲೋ ಮುಗಿಯುತ್ತದೆ.

ಇವತ್ತಿನ ಅಡಚಣೆ ದೂರದ್ದು. ವೇದಿಕೆಗಳು ಇರುವುದು ಬಾಂದ್ರಾ, ಲೋವರ್ ಪರೇಲ್, ವರ್ಲಿಯಲ್ಲಿ. ನುಡಿಸುವವರು ಇರುವುದು ಬಾಡಿಗೆ ಕೈಗೆಟುಕುವ ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬೈಯಲ್ಲಿ. ಲೋವರ್ ಪರೇಲಿನ ಬ್ಲೂ ಫ್ರಾಗ್ ಕ್ಲಬ್ 2007ರಿಂದ 2016ರವರೆಗೆ ನಡೆದು ಮುಚ್ಚಿತು. 2011ರಲ್ಲಿ ಬಾಂದ್ರಾದ ಮೆಹಬೂಬ್ ಸ್ಟುಡಿಯೊದಲ್ಲಿ ಮಹೀಂದ್ರಾ ಬ್ಲೂಸ್ ಉತ್ಸವ ಶುರುವಾಯಿತು, ಬಡ್ಡಿ ಗೈ ಅವರಂಥ ದಿಗ್ಗಜರನ್ನು ನಾವು ಕಣ್ಣಾರೆ ನೋಡಿದ್ದು ಅಲ್ಲೇ. ಯೂ2, ಕೋಲ್ಡ್‌ಪ್ಲೇ ಥರದ ಮಹಾಸಂತೆಗಳು ನೆರೂಳಿನ ಡಿ. ವೈ. ಪಾಟೀಲ ಕ್ರೀಡಾಂಗಣಕ್ಕೆ ಬಂದವು, ನಿಜ. ಆದರೆ ಅಲ್ಲಿ ನಮ್ಮ ಕೆಲಸ ಟಿಕೆಟ್ ಕೊಳ್ಳುವುದು. ಈ ಕಡೆಯ ದೊಡ್ಡ ಸಭಾಂಗಣಗಳು, ಠಾಣೆಯ ಗಡ್ಕರಿ ರಂಗಾಯತನ, ಕಲ್ಯಾಣದ ಅತ್ರೆ ರಂಗಮಂದಿರ, ಡೊಂಬಿವಲಿಯ ಸಾವಿತ್ರಿಬಾಯಿ ಫುಲೆ, ವಾಶಿಯ ವಿಷ್ಣುದಾಸ ಭಾವೆ, ಮರಾಠಿ ನಾಟಕಕ್ಕೂ ನಾಟ್ಯಗೀತೆಗೂ ಸೇರಿದವು. ಅದರಲ್ಲಿ ತಪ್ಪೇನಿಲ್ಲ, ಅವರ ಊರು. ನಮಗೆ ಸಿಗುವುದು ವಾಶಿ, ಬೇಲಾಪುರದ ಪಬ್ಬುಗಳು, ಘೋಡ್‌ಬಂದರ್ ರಸ್ತೆಯ ವಸತಿ ಸಂಕೀರ್ಣಗಳ ಕ್ಲಬ್ಬುಗಳು. ಕ್ಲಬ್ಬಿನವರು ಎರಡು ಬ್ಲೂಸ್ ಕೇಳಿ ಮೂರನೆಯದಕ್ಕೆ ಕಿಶೋರ್ ಕುಮಾರ್ ಕೇಳುತ್ತಾರೆ. ಕಿಶೋರನನ್ನು ಬ್ಲೂಸಿನ ಸುತ್ತಿಗೆ ಕೂರಿಸುವುದು ನಮ್ಮ ಗಾಯಕಿಯ ವಿಶೇಷ ಪ್ರತಿಭೆ.

ಆದ್ದರಿಂದ "ಸಂಸಾರ ಮತ್ತು ಸಂಗೀತ ಹೇಗೆ ಸರಿದೂಗಿಸುತ್ತೀರಿ" ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಟೈಮ್‌ಟೇಬಲ್. ಬಾಂದ್ರಾದಲ್ಲಿ ಕಾರ್ಯಕ್ರಮ ಹನ್ನೊಂದೂವರೆಗೆ ಮುಗಿದರೆ ದಾದರಿಗೆ ಬಂದು ಕೊನೆಯ ಕರ್ಜತ್ ಅಥವಾ ಕಸಾರಾ ಗಾಡಿ ಹಿಡಿಯಬಹುದು. ಜನ "ಒನ್ಸ್ ಮೋರ್" ಎಂದರೆ ಗಾಡಿ ತಪ್ಪುತ್ತದೆ. ಗಾಡಿ ತಪ್ಪಿದರೆ ಟ್ಯಾಕ್ಸಿಗೆ ಆ ರಾತ್ರಿಯ ಸಂಪಾದನೆಯಲ್ಲಿ ದೊಡ್ಡ ಪಾಲು. ಚಪ್ಪಾಳೆ ಜೋರಾದಷ್ಟೂ ನನ್ನ ಕಣ್ಣು ಗಡಿಯಾರದ ಕಡೆಗೆ. 2024ರ ಅಕ್ಟೋಬರಿನಲ್ಲಿ ಐರೋಳಿ, ವಾಶಿ, ಮುಲುಂಡ್ ನಾಕಾಗಳಲ್ಲಿ ಕಾರುಗಳಿಗೆ ಟೋಲ್ ರದ್ದಾದಾಗ ನಮ್ಮ ಬ್ಯಾಂಡಿನಲ್ಲಿ ಆದ ಸಂತೋಷ ಯಾವ ಹೊಸ ಹಾಡಿಗೂ ಆಗಿರಲಿಲ್ಲ.

ನೌಕರಿ ಬಿಟ್ಟುಬಿಡು ಎನ್ನುವವರು ಯಾವಾಗಲೂ ಇರುತ್ತಾರೆ. ಅವರ ಬಾಯಲ್ಲಿ ಶಂಕರ್ ಮಹಾದೇವನ್ ಹೆಸರು ಸಿದ್ಧವಾಗಿರುತ್ತದೆ. ನೆರೂಳಿನ ರಾಮರಾವ್ ಆದಿಕ್ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿ, ಸಾಫ್ಟ್‌ವೇರ್ ನೌಕರಿ ಬಿಟ್ಟು, ವಾಶಿಯಿಂದಲೇ ಜಗತ್ತಿಗೆ ಹಾಡಿದವರು. ಅವರಿಗೆ ನಮಸ್ಕಾರ. ಆದರೆ ಅವರದು ಆ ಕಂಠ. ಪಕ್ಕವಾದ್ಯದವನ ಲೆಕ್ಕ ಬೇರೆ.

ನನ್ನ ಲೆಕ್ಕಕ್ಕೆ ಹೊಂದುವ ಮನುಷ್ಯ ಷಿಕಾಗೊದ ಜಿಮ್ಮಿ ಯಾನ್ಸಿ. ಸಣ್ಣ ಹುಡುಗನಾಗಿದ್ದಾಗಲೇ ನಾಟಕ ಕಂಪನಿಗಳ ಜೊತೆ ಹಾಡುತ್ತ ಕುಣಿಯುತ್ತ ಅಮೆರಿಕ ಸುತ್ತಿ, ಯುರೋಪನ್ನೂ ನೋಡಿ ಬಂದವ. ಮೀಸೆ ಬಂದ ಮೇಲೆ ತಿರುಗಾಟ ಸಾಕೆಂದು ಊರಲ್ಲೇ ನಿಂತ. 1925ರ ಸುಮಾರಿಗೆ ವೈಟ್ ಸಾಕ್ಸ್ ಎಂಬ ಬೇಸ್‌ಬಾಲ್ ತಂಡದ ಮೈದಾನ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ. ಹುಲ್ಲು ಕತ್ತರಿಸುವುದು, ನೆಲ ಸರಿಮಾಡುವುದು. ಆ ಕೆಲಸವನ್ನು ಸುಮಾರು 25 ವರ್ಷ ಬಿಡಲಿಲ್ಲ.

ಸಂಜೆ ಪಿಯಾನೊ. ಆ ಕಾಲದ ಷಿಕಾಗೊದಲ್ಲಿ 'ಬಾಡಿಗೆ ಪಾರ್ಟಿ' ಎಂಬ ಪದ್ಧತಿ ಇತ್ತು. ತಿಂಗಳ ಬಾಡಿಗೆಗೆ ದುಡ್ಡು ಸಾಲದ ಮನೆಯವರು ಒಬ್ಬ ಪಿಯಾನೊದವನನ್ನು ಕರೆದು, ಅಡುಗೆ ಮಾಡಿ, ಬಾಗಿಲಲ್ಲಿ ಚಿಲ್ಲರೆ ವಸೂಲಿ ಮಾಡಿ ನೆರೆಹೊರೆಯವರನ್ನು ಒಳಗೆ ಬಿಡುತ್ತಿದ್ದರು. ರಾತ್ರಿ ಕುಣಿತ, ಬೆಳಿಗ್ಗೆ ಮಾಲೀಕನ ಕೈಗೆ ಬಾಡಿಗೆ. ನಮ್ಮ ಚಾಳ್‌ಗಳಲ್ಲಿ ಚೀಟಿ ಹಾಕುತ್ತಾರೆ, ಅವರು ಸಂಗೀತ ಹಾಕಿದರು. ಯಾನ್ಸಿ ಅಂಥ ಮನೆಗಳ ರಾಜ. ಅವನನ್ನು ಕೇಳಿ ಬೆಳೆದ ಹುಡುಗರಾದ ಮೀಡ್ ಲಕ್ಸ್ ಲೂಯಿಸ್ ಮತ್ತು ಆಲ್ಬರ್ಟ್ ಆಮನ್ಸ್ ಟ್ಯಾಕ್ಸಿ ಓಡಿಸುತ್ತಿದ್ದವರು, 1938ರಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲಿನಲ್ಲಿ ನುಡಿಸಿ ದೇಶಕ್ಕೆಲ್ಲ ಬೂಗಿ-ವೂಗಿ ಹುಚ್ಚು ಹಿಡಿಸಿದರು. ಲೂಯಿಸ್ ಆಗಲೇ 'ಯಾನ್ಸಿ ಸ್ಪೆಷಲ್' ಎಂಬ ಪ್ಲೇಟನ್ನೂ ಕೊಟ್ಟಿದ್ದ. ಗುರುವಿನ ಮೊದಲ ಪ್ಲೇಟು ಬಂದದ್ದು ಅದಾದ ಮೇಲೆ, 1939ರಲ್ಲಿ. ಅಷ್ಟೆಲ್ಲ ಆದರೂ ಅವನು ಮೈದಾನಕ್ಕೆ ಹೋಗುವುದನ್ನು ನಿಲ್ಲಿಸಲಿಲ್ಲ.

ಹೆಂಡತಿ ಎಸ್ಟೆಲ್ ಹಾಡುತ್ತಿದ್ದರು, ಜನ ಅವರನ್ನು 'ಮಾಮಾ ಯಾನ್ಸಿ' ಎನ್ನುತ್ತಿದ್ದರು. ಅವರ ಮನೆಯೇ ಸಂಗೀತಗಾರರ ಅಡ್ಡೆ. 1948ರಲ್ಲಿ ಗಂಡ ಹೆಂಡತಿ ಇಬ್ಬರೂ ಕಾರ್ನೆಗಿ ಹಾಲಿನಲ್ಲಿ ಕಛೇರಿ ಕೊಟ್ಟರು. 1951ರ ಬೇಸಿಗೆಯಲ್ಲಿ ಇಬ್ಬರೂ ಕೂಡಿ ಕೊನೆಯ ಧ್ವನಿಮುದ್ರಣ ಮಾಡಿದರು. ಆ ಸೆಪ್ಟೆಂಬರಿನಲ್ಲಿ ಜಿಮ್ಮಿ ತೀರಿಕೊಂಡರು. ಮಾಮಾ ಮುಂದೆ ಹಲವು ದಶಕ ಹಾಡುತ್ತಲೇ ಇದ್ದರು.

ಯಾನ್ಸಿ ನುಡಿಸಿದ್ದರಲ್ಲಿ ಅವಸರ ಇಲ್ಲ. ಅವನ ಶಿಷ್ಯರ ಎಡಗೈ ಎಕ್ಸ್‌ಪ್ರೆಸ್ ಗಾಡಿ, ಅವನದು ನಿಂತು ನಿಂತು ಹೋಗುವ ನಡಿಗೆ, ಸ್ವರಗಳ ನಡುವೆ ಬೇಕಾದಷ್ಟು ಜಾಗ. ಇನ್ನೊಂದು ಚಾಳಿ: ಹಾಡು ಯಾವ ಶ್ರುತಿಯಲ್ಲಿ ಶುರುವಾಗಿರಲಿ, ಮುಗಿಸುವುದು ಮಾತ್ರ ಇ ಫ್ಲಾಟ್‌ನಲ್ಲಿ. ಸಿ-ಯಲ್ಲಿ ನುಡಿಸುತ್ತಿದ್ದವನು ಕೊನೆಯ ಕ್ಷಣದಲ್ಲಿ ಸಂಬಂಧವೇ ಇಲ್ಲದ ಆ ಶ್ರುತಿಗೆ ಹಾರಿ ಬಾಗಿಲು ಹಾಕಿಬಿಡುತ್ತಾನೆ. ಪಂಡಿತರು ಇದಕ್ಕೆ ಏನೇನೋ ಅರ್ಥ ಕಟ್ಟಿದ್ದಾರೆ. ನನ್ನ ಕಿವಿಗೆ ಇದು ಬೆಳಿಗ್ಗೆ ಡ್ಯೂಟಿ ಇರುವವನ ಮಾತು. ಆಯ್ತು, ಎಲ್ಲರೂ ಮನೆಗೆ ನಡೀರಿ.

ಇನ್ನೊಂದು ದಾರಿ ಹಿಡಿದವರೂ ಇದ್ದಾರೆ. ನಾನು ಆ ಕ್ಯಾಸೆಟ್ಟಿನಲ್ಲಿ ಕೇಳಿದ ಓಟಿಸ್ ಸ್ಪ್ಯಾನ್ ವರ್ಷಗಟ್ಟಲೆ ಮಡ್ಡಿ ವಾಟರ್ಸ್ ಜೊತೆ ರಸ್ತೆಯ ಮೇಲೇ ಬದುಕಿದವನು. 1970ರಲ್ಲಿ, ಇನ್ನೂ ನಡುವಯಸ್ಸಿನಲ್ಲೇ, ಯಕೃತ್ತಿನ ಕ್ಯಾನ್ಸರಿನಿಂದ ಹೋದ. ಸಮಾಧಿಗೆ ಕಲ್ಲು ಬಿದ್ದದ್ದು 1999ರಲ್ಲಿ, ಅದೂ ಅಭಿಮಾನಿಗಳು ದುಡ್ಡು ಕೂಡಿಸಿದ ಮೇಲೆ. ಅವನ ಜಾಗಕ್ಕೆ ಬಂದವನು ಪೈನ್‌ಟಾಪ್ ಪರ್ಕಿನ್ಸ್. ಮೊದಲು ಗಿಟಾರ್ ನುಡಿಸುತ್ತಿದ್ದ ಇವನಿಗೆ 1940ರ ದಶಕದಲ್ಲಿ ಒಬ್ಬ ನರ್ತಕಿ ಚಾಕುವಿನಿಂದ ಇರಿದು ಎಡತೋಳಿನ ಸ್ನಾಯುರಜ್ಜು ಕತ್ತರಿಸಿದ್ದರಿಂದ ಪೂರ್ತಿ ಪಿಯಾನೊಗೆ ಬಂದ. 2011ರ ಫೆಬ್ರವರಿಯಲ್ಲಿ, 97ನೆಯ ವಯಸ್ಸಿನಲ್ಲಿ ಗ್ರ್ಯಾಮಿ ಪ್ರಶಸ್ತಿ ಗೆದ್ದು ಮುಂದಿನ ತಿಂಗಳು ಕಣ್ಣು ಮುಚ್ಚಿದ. ಇಬ್ಬರೂ ಹಿಡಿದದ್ದು ಒಂದೇ ದಾರಿ, ಆಯುಷ್ಯ ಬೇರೆ ಬೇರೆ. ಇದರಿಂದ ಯಾವ ಸಿದ್ಧಾಂತವನ್ನೂ ಮಾಡಲಾಗದು.

ಕರ್ನಾಟಕದಲ್ಲೂ ಯಾನ್ಸಿಯ ಜಾತಿಯವರಿದ್ದಾರೆ. ಬೆಂಗಳೂರಿನ 'ಮಿನಿಸ್ಟ್ರಿ ಆಫ್ ಬ್ಲೂಸ್' ಬ್ಯಾಂಡಿನ ಗಾಯಕ ಫಿಲಿಪ್ ಹೇಡನ್ ಹಿಮಾಲಯ ಔಷಧ ಕಂಪನಿಯ ಮುಖ್ಯಸ್ಥರಾಗಿದ್ದವರು. ನಮ್ಮ ಬ್ಯಾಂಡಿನಲ್ಲಿ ಅಷ್ಟು ದೊಡ್ಡವರಿಲ್ಲ. ಡ್ರಮ್ಮರ್ ಕಲ್ಯಾಣದ ಹಲ್ಲಿನ ಡಾಕ್ಟರು, ಬೇಸ್ ಗಿಟಾರಿನವರು ಪನ್ವೇಲಿನ ಶಾಲೆಯಲ್ಲಿ ಗಣಿತ ಮೇಷ್ಟ್ರು, ಗಾಯಕಿ ವಾಶಿಯಲ್ಲಿ ಕ್ಲಿಯರಿಂಗ್ ಏಜೆಂಟರ ಆಫೀಸಿನಲ್ಲಿದ್ದಾರೆ, ಗಿಟಾರಿನವನು ಠಾಣೆಯವನು.

ಮನೆಯಲ್ಲಿ ಅಮ್ಮ, ಹೆಂಡತಿ, ಹತ್ತನೇ ತರಗತಿಯ ಮಗಳು. ಅಡುಗೆಮನೆಯ ಗೋಡೆಯಲ್ಲಿ ಕನ್ನಡದ ಕಾಲನಿರ್ಣಯ ಪಂಚಾಂಗ. ಹೊಸ ವರ್ಷದ ಪಂಚಾಂಗ ಬಂದ ದಿನ ಅದರಲ್ಲಿ ಮೊದಲು ಗುರುತಾಗುವುದು ಪ್ರತಿ ತಿಂಗಳ 20, ಜಿಎಸ್‌ಟಿ ರಿಟರ್ನ್ ಸಲ್ಲಿಸುವ ಕೊನೆಯ ದಿನ. ಅದರ ಹಿಂದಿನ ಎರಡು ದಿನ ನಾನು ಬ್ಯಾಂಡಿಗೂ ಇಲ್ಲ, ಮನೆಗೂ ಇಲ್ಲ. ಆಮೇಲೆ ಹೆಂಡತಿಯ ಸರದಿ. ಅವಳು ಠಾಣೆಯ ಒಂದು ಸಹಕಾರಿ ಬ್ಯಾಂಕಿನಲ್ಲಿದ್ದಾಳೆ, ಅವಳಿಗೂ ತಿಂಗಳ ಕೊನೆ ಇದೆ. ಅಮ್ಮನ ಸಕ್ಕರೆ ಪರೀಕ್ಷೆ, ಮಗಳ ಶಾಲೆಯ ಸಭೆ, ಸೊಸೈಟಿ ಮೀಟಿಂಗ್, ಊರಿನ ಮದುವೆಗಳು. ಅವಳು ಬರೆದು ಮುಗಿಸಿದ ಮೇಲೆ ಉಳಿದ ಶನಿವಾರಗಳು ನನ್ನವು. ಅಮ್ಮನ ಪಾಲೂ ಒಂದಿದೆ: ಶನಿಪೂಜೆಯ ದಿನ ಪೇಟಿಗೆ ನಾನೇ ಕೂರಬೇಕು. "ಅಲ್ಲಿ ಕುಡುಕರಿಗೆ ಬಾರಿಸ್ತಿ, ಇಲ್ಲಿ ದೇವರಿಗೆ ಬಾರಿಸುಕೆ ಎಂತ ಆತ್?" ಎಂದು ಒಮ್ಮೆ ಕೇಳಿದರು. ಆ ಪ್ರಶ್ನೆಗೆ ಅಪೀಲು ಇಲ್ಲ.

ಜನ ನನ್ನನ್ನು ನೋಡಿ ಶ್ರಮಜೀವಿ ಎಂದು ಹೊಗಳುವುದುಂಟು. ಸಮಯ ಎಲ್ಲಿಂದ ಬರುತ್ತದೆ ಎಂದು ಯಾರೂ ಕೇಳುವುದಿಲ್ಲ. ನಾನು ವಾಶಿಯಲ್ಲಿ ತಂತಿ ಜೋಡಿಸುತ್ತಿರುವಾಗ ಕ್ಲಾಸಿನಿಂದ ಮಗಳನ್ನು ಕರೆತರುವವಳು ಹೆಂಡತಿ, ಶನಿವಾರ ಸಂಜೆಯ ನೆಂಟರಿಗೆ ಚಹಾ ಮಾಡುವವಳು ಅವಳು. ಭಾನುವಾರ ಬೆಳಿಗ್ಗೆ ನಾನು ಮಲಗಿರುವಾಗ ಮನೆ ಪಿಸುಮಾತಿನಲ್ಲಿ ನಡೆಯುತ್ತದೆ. ಬ್ಯಾಂಡಿನಲ್ಲಿ ಐದು ಜನ ಎಂದು ಪೋಸ್ಟರಿನಲ್ಲಿ ಬರೆಯುತ್ತಾರೆ. ಲೆಕ್ಕದವನಾಗಿ ಹೇಳುತ್ತೇನೆ, ಆ ಅಂಕಿ ಆಡಿಟಿಗೆ ನಿಲ್ಲುವುದಿಲ್ಲ.

ಅಭ್ಯಾಸ ರಾತ್ರಿ ಹತ್ತರ ಮೇಲೆ, ಹೆಡ್‌ಫೋನ್ ಹಾಕಿಕೊಂಡು. ನನ್ನ ಕಿವಿಯೊಳಗೆ ಹ್ಯಾಮಂಡ್ ಗರ್ಜಿಸುತ್ತಿರುತ್ತದೆ, ಹೊರಗಿನವರಿಗೆ ಕೇಳಿಸುವುದು ಪ್ಲಾಸ್ಟಿಕ್ ಪಟ್ಟಿಗಳ ಟಕಟಕ. "ನಿಮಗೆ ಬ್ಲೂಸ್, ನಮಗೆ ಟೈಪಿಂಗ್ ಕ್ಲಾಸ್" ಎನ್ನುತ್ತಾಳೆ ಹೆಂಡತಿ. ಲೋಡ್ ಶೆಡ್ಡಿಂಗ್ ಇದ್ದ ಕಾಲವೇ ವಾಸಿ ಎಂದು ಅವಳ ಅಭಿಪ್ರಾಯ. ಆಗ ಕರೆಂಟ್ ಹೋದರೆ ನಾನು ಹಳೆಯ ಹಾರ್ಮೋನಿಯಂ ತೆಗೆದು ಕತ್ತಲಲ್ಲಿ ನುಡಿಸುತ್ತಿದ್ದೆ, ಕನಿಷ್ಠ ಅದು ಎಲ್ಲರಿಗೂ ಕೇಳಿಸುತ್ತಿತ್ತು.

ದುಡ್ಡಿನ ಮಾತು ಬೇಗ ಮುಗಿಸುತ್ತೇನೆ. ಅಭ್ಯಾಸದ ಜಾಮ್ ರೂಮಿನ ಗಂಟೆ ಬಾಡಿಗೆ, ಪ್ರಯಾಣ, ಊಟ ಕಳೆದು ಐದು ಪಾಲು ಮಾಡಿದರೆ ಸಂಸಾರ ನಡೆಯುವಷ್ಟು ಉಳಿಯುವುದಿಲ್ಲ. ಕೆಲವು ಕಡೆ ಹಣ ಬರಲು ಮೂರು ತಿಂಗಳು ಫೋನ್ ಮಾಡಬೇಕು. ವಸೂಲಿಯ ಕೆಲಸ ಸಹಜವಾಗಿ ನನ್ನ ಪಾಲಿಗೆ ಬಂದಿದೆ. ಒಳ್ಳೆಯ ಸಂಬಳದ ರಾತ್ರಿ ವರ್ಷಕ್ಕೆ ಒಂದೇ, ಡಿಸೆಂಬರ್ 31. ಅವತ್ತು ಎಲ್ಲ ಹೋಟೆಲಿಗೂ ಬ್ಯಾಂಡು ಬೇಕು, ಅವತ್ತೇ ಮನೆಯವರಿಗೂ ನಾವು ಬೇಕು. ಇದನ್ನು ಸರಿದೂಗಿಸಲು ಬರುವುದಿಲ್ಲ, ಯಾರನ್ನಾದರೂ ಆರಿಸಬೇಕು. ಒಂದು ವರ್ಷ ಹೆಂಡತಿಯೇ ಹೇಳಿದಳು: "ಹೋಗಿ ಬನ್ನಿ. ಆದ್ರೆ ಒಂದನೇ ತಾರೀಕು ಮಧ್ಯಾಹ್ನದವರೆಗೆ ಮಲಗುವುದು ಮಾತ್ರ ಆಗ್ಲಿಕ್ಕಿಲ್ಲ." ಹೋದೆ, ಬಂದೆ, ಬೆಳಿಗ್ಗೆ ಎದ್ದು ಎಲ್ಲರನ್ನೂ ಟಿಟ್‌ವಾಳಾ ಗಣಪತಿಗೆ ಕರೆದುಕೊಂಡು ಹೋದೆ. ಸಾಲಿನಲ್ಲಿ ನಿಂತೇ ನಿದ್ದೆ ಹೋದೆನಂತೆ. ಈಗ ಅದಕ್ಕೂ ವ್ಯವಸ್ಥೆಯಾಗಿದೆ. ಉಲ್ಹಾಸನಗರದ ಕಾಲೇಜಿನ ಒಬ್ಬ ಹುಡುಗನಿಗೆ ನಮ್ಮ ಹಾಡುಗಳನ್ನೆಲ್ಲ ಕಲಿಸಿದ್ದೇನೆ. ಒಂದು ವರ್ಷ 31 ನನ್ನದು, ಮುಂದಿನದು ಅವನದು. ಅವನು ನನಗಿಂತ ಚೆನ್ನಾಗಿ ನುಡಿಸುತ್ತಾನೆ. ಸದ್ಯಕ್ಕೆ ಅವನಿಗೆ ಹಾಡುವವರ ಹಿಂದೆ ನಿಲ್ಲಲು ಬರುವುದಿಲ್ಲ, ಎಲ್ಲ ಸಂದಿಗಳನ್ನೂ ತುಂಬಿಬಿಡುತ್ತಾನೆ. ಅದೊಂದೇ ಕಾರಣಕ್ಕೆ ನನ್ನ ಜಾಗ ಭದ್ರ.

ಈಗಿನ ತಲೆನೋವು ಬೇರೆ. ಗಿಟಾರಿನವನಿಗೆ ಪುಣೆಗೆ ವರ್ಗವಾಗಿದೆ. ಅವನ ಹೆಂಡತಿಗೆ ಸಂತೋಷ, ಅವಳ ತವರು ಅಲ್ಲೇ. ಹೊಸಬರನ್ನು ಹುಡುಕಲು ಹೋದ ಭಾನುವಾರ ಡ್ರಮ್ಮರನ ಕ್ಲಿನಿಕ್ಕಿನಲ್ಲಿ ಕೂತು ಷರತ್ತುಗಳನ್ನು ಬರೆದೆವು. ಕಲ್ಯಾಣದಿಂದ ಪನ್ವೇಲಿನವರೆಗೆ ಎಲ್ಲಿದ್ದರೂ ನಡೆಯುತ್ತದೆ. ಕಾರಿದ್ದರೆ ಒಳ್ಳೆಯದು. 18, 19ನೇ ತಾರೀಕು ಅಭ್ಯಾಸ ಇರುವುದಿಲ್ಲ. ಪರೀಕ್ಷೆಯ ತಿಂಗಳಲ್ಲಿ ಮೇಷ್ಟ್ರು ಬರುವುದಿಲ್ಲ. ಕಿಶೋರ್ ಕುಮಾರ್ ಬಗ್ಗೆ ತಕರಾರು ಇರಬಾರದು. ಕೊನೆಯಲ್ಲಿ ನನ್ನದೊಂದು ಸೇರಿಸಿದೆ: ಸಿ, ಎಫ್, ಜಿ ಶ್ರುತಿಗಳಲ್ಲಿ ನುಡಿಸಲು ಸಿದ್ಧರಿರಬೇಕು. ಗಾಯಕಿ ಅದನ್ನು ಹೊಡೆದುಹಾಕಿದರು.